ಡಿ ಆರರ ಕುದುರೆ

ಲಿಯೆಪಾಯಾದಲ್ಲಿ ಫೆಬ್ರವರಿ. ಮೀನುಡಬ್ಬಿ ಕಾರ್ಖಾನೆಯ ಮೇಲ್ಮಹಡಿ.
ಕಡಲಗಾಳಿಗೆ ಕಿಟಕಿಯ ಗಾಜು ಕಟಕಟ ಹಲ್ಲು ಕಡಿಯುತ್ತಿತ್ತು.
ಗೋಡೆಯ ಹಲಗೆಗೆ ಔಸ್ಮಾ ಮೇಡಂ ಕಾಯಿ ನೇತುಹಾಕಿದರು
ಒಂದೊಂದೇ, ಒಗೆದ ಬಟ್ಟೆ ಹರವಿದ ಹಾಗೆ.
ನಾವು ಏಳು ಮಕ್ಕಳು. ಯಾರೂ ಕೋಟು ಬಿಚ್ಚಿರಲಿಲ್ಲ.

ಈ ಸಲವೂ ಅದೇ ಆಟ.
ಐವತ್ತಮೂರನೇ ಇಸವಿ, ವೆಂಟ್ಸ್‌ಪಿಲ್ಸ್ ಊರು, ಬಿಳಿಗೆ ಯಾರೋ,
ಕಪ್ಪಿಗೆ ಝೆಂತಾ ಸ್ಕುಯಿನ್ಯಾ,
ದೋಣಿಕಟ್ಟೆಯಲ್ಲಿ ಟಿಕೆಟು ಹರಿಯುವಾಕೆ.

ನೋಡಿ, ಬಿಳಿಯ ಈ ಕಾಲಾಳು ಡಿ ಐದರಲ್ಲಿ.
ಎದುರು ತಡೆವ ಕಾಲಾಳಿಲ್ಲ, ಅಕ್ಕಪಕ್ಕ ಕಾದವರಿಲ್ಲ.
ಇನ್ನು ಮೂರೇ ಹೆಜ್ಜೆ,
ಮೂರು ಹೆಜ್ಜೆಗೆ ಮಂತ್ರಿಯಾಗುವ ಕೂಸು.
ಯಾರಿಗೆ ತಾನೆ ಆಸೆಯಾಗದು?

ಹದಿನೇಳನೆಯ ನಡೆ. ಝೆಂತಾಳ ಕುದುರೆ ನೆಗೆಯಲಿಲ್ಲ;
ಹಿಂದೆ ಸರಿದು ಇ ಎಂಟಕ್ಕೆ ಹೋಯಿತು, ಲಾಯಕ್ಕೆ.
'ಹೆದರಿದಳು!' ಎಂದು ಇಂದುಲಿಸ್ ನಕ್ಕ.
ಮೇಡಂ ನಗಲಿಲ್ಲ. ಮರುನಡೆಗೆ ಅದೇ ಕುದುರೆ
ಡಿ ಆರಕ್ಕೆ ಬಂದು ಕೂತಿತು
ಕೂಸಿನ ಮೂಗಿಗೆ ಮೂಗು ತಾಗಿಸಿ.
ಅಷ್ಟೆ.
ಬಾಗಿಲಿಗೆ ಅಗುಳಿ ಬಿತ್ತು.

ಆಮೇಲೆ ಈ ಆಟದಲ್ಲಿ ಏನೂ ಆಗುವುದಿಲ್ಲ, ಎಂದರು ಮೇಡಂ,
ಏನೂ ಆಗದಿರುವುದು ಹೇಗೆ ಆಗುತ್ತದೆ, ಅದನ್ನು ನೋಡಿ.
ಎ ಐದು: ಎಡಗಡೆ ಉಸಿರು ಕಟ್ಟಿತು.
ಎಚ್ ಐದು: ಬಲಗಡೆಯದೂ.
ಎಫ್ ಒಂದರ ಒಂಟೆಗೆ ಬಿಳಿ ಮನೆಗಳಷ್ಟೇ ದಾರಿ,
ಆ ದಾರಿಗೆ ಸಿ ನಾಲ್ಕರಲ್ಲಿ ತನ್ನವನದೇ ಬೆನ್ನು ಅಡ್ಡ;
ಕಪ್ಪು ಮನೆಯ ಕುದುರೆಯನ್ನು ಈ ಜನ್ಮದಲ್ಲಿ ಅದು ಮುಟ್ಟಲಾರದು.
ಎರಡೂ ಆನೆ ಕೂಸಿಗೆ ಕಾವಲು. ಮಂತ್ರಿಯೂ ಕಾವಲು.
ಕಟ್ಟಿಹಾಕಿದ್ದು ಒಂದನ್ನು,
ಕಟ್ಟಿಸಿಕೊಂಡದ್ದು ಮನೆಮಂದಿಯೆಲ್ಲ.

ಬಂದರಿನಲ್ಲಿ ಹೆಪ್ಪುಗಟ್ಟುವ ನೀರೂ ಹೀಗೇ,
ದೋಣಿಯನ್ನು ಹೊಡೆಯುವುದಿಲ್ಲ,
ಮೆಲ್ಲಗೆ ಅದರ ಸುತ್ತ ಕೂರುತ್ತದೆ.

ಮೂವತ್ತೊಂದರ ಹೊತ್ತಿಗೆ ಹಲಗೆಯ ತುಂಬ ಬಿಳಿ ಕಾಯಿ,
ಆಡಲು ಮಾತ್ರ ರಾಜನೊಬ್ಬ.
ಜಿ ಒಂದು, ಎಚ್ ಒಂದು, ಮತ್ತೆ ಜಿ ಒಂದು,
ಆಸ್ಪತ್ರೆಯ ಹೊರಗೆ ಶತಪಥ ಹಾಕುವ ಗಂಡಸಿನಂತೆ.
ಕಡೆಗೆ ಆ ಎರಡು ಮನೆಯೂ ಮುಗಿಯಿತು.
ಆಡದೆ ಕೂರಬಹುದಿದ್ದರೆ ಬಿಳಿ ಬದುಕುತ್ತಿತ್ತು.
ಸರದಿ ಬಂದದ್ದೇ ಶಿಕ್ಷೆಯಾಯಿತು.

ನಾನು ಕೈ ಎತ್ತಿದೆ. ಹನ್ನೊಂದು ವಯಸ್ಸು, ಮೂಗು ಸೋರುತ್ತಿತ್ತು.
'ಇಪ್ಪತ್ತಮೂರರಲ್ಲಿ ಸಿ ಐದಕ್ಕೆ ತಳ್ಳಿದ್ದರೆ?
ಬಿ ಆರರವನು ಹೊಡೆಯಲಿ. ಒಂಟೆಗೆ ದಾರಿ ಸಿಗುತ್ತದೆ.'

'ಡಿ ಐದಕ್ಕೆ ಆಸರೆ ತಪ್ಪುತ್ತದೆ.'

'ತಪ್ಪಲಿ. ಅದೂ ಹೋಗಲಿ.'

ಗಾಜು ಹಲ್ಲು ಕಡಿಯಿತು.
ಮೇಡಂ ನಮ್ಮತ್ತ ತಿರುಗಲಿಲ್ಲ.
'ಕಂಡಿತು,' ಎಂದರು, 'ಬಸ್ಸಿನಲ್ಲಿ. ಪಾವಿಲೋಸ್ತಾ ದಾಟಿದ ಮೇಲೆ,
ಬುತ್ತಿಯ ಕರಿರೊಟ್ಟಿ ಬಿಚ್ಚುವಾಗ.
ಆ ಕಾಲಾಳು ನನಗೆ ತುಂಬ ಇಷ್ಟವಾಗಿತ್ತು.'

ನನಗೆ, ಎಂದರು.
ಏಳು ಜನ ಮುಖಮುಖ ನೋಡಿಕೊಂಡೆವು.

ಕುದುರೆಯನ್ನು ಮೊಳೆಯಿಂದ ಇಳಿಸಿ, ತೋಳಿಗೆ ಒರೆಸಿ,
ಮತ್ತೆ ಅದೇ ಮೊಳೆಗೆ ಸಿಕ್ಕಿಸಿದರು.
ಮಾರನೆಯ ತಿಂಗಳು ಝೆಂತಾ ಒಂದು ಕಾರ್ಡು ಬರೆದಿದ್ದಳಂತೆ:
ಸಿ ಐದು ಆಡಿಬಿಡುತ್ತೀಯೆಂದು ಎಂಟು ನಡೆಯುದ್ದಕ್ಕೂ
ಮೇಜಿನ ಕೆಳಗೆ ನನ್ನ ಕೈಯನ್ನು ನಾನೇ ಹಿಡಿದುಕೊಂಡಿದ್ದೆ.

'ಮತ್ತೆ ವರ್ಷವರ್ಷವೂ ಯಾಕೆ ಇದೇ ಆಟ?'
ಇಂದುಲಿಸ್‌ಗೆ ನಾಲಿಗೆಯ ಮೇಲೆ ಹಿಡಿತ ಕಡಿಮೆ.

ಕೆಳಗೆ ಟ್ರಾಮು ಹಳಿಯ ಹಿಮ ಅರೆಯುತ್ತ ತಿರುಗಿತು.
ಮೇಡಂ ಕೇಳಿಸಿಕೊಳ್ಳಲಿಲ್ಲ,
ಅಥವಾ
ಅದು ಅವರ ಸರದಿಯಾಗಿರಲಿಲ್ಲ.